ಗೈಡಮ್ಮನ ಬಿಸಿಲುಕೋಣೆಗೆ ಎರಡು ಕುರ್ಚಿ

ನಮ್ಮ ಓಣಿಯಲ್ಲಿ ಸೀಟಿ ಊದುವವರು ಈಗ ಯಾರೂ ಇಲ್ಲ. ಕೊರಿಯರ್ ವ್ಯಾನುಗಳು ತಮ್ಮಷ್ಟಕ್ಕೆ ತಾವು ಹಿಂದೆ ಸರಿಯುತ್ತವೆ, ಗೋಡೆಗೆ ಕನ್ನಡಿ ತಾಗಿಸಿಕೊಳ್ಳುತ್ತವೆ, ಚಾಲಕರು ಇಳಿದು ಗೋಡೆಗೇ ಸುಮಿಮಾಸೆನ್, ಅಂದರೆ ಕ್ಷಮಿಸಿ, ಎಂದು ಹೇಳಿ ಹೋಗುತ್ತಾರೆ. ಮೊನ್ನೆ ಹಾಗೇ ಒಂದು ವ್ಯಾನು ಸಿಕ್ಕಿಕೊಂಡು ಒದ್ದಾಡುತ್ತಿದ್ದಾಗ, ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ನನ್ನ ಮಗಳು ಸಿರಿ, "ಗೈಡಮ್ಮ ಇರಬೇಕಿತ್ತು" ಎಂದಳು. ಕನ್ನಡದಲ್ಲಿ ಕೇಳಿದರೆ ಜಪಾನೀಸಿನಲ್ಲಿ ಉತ್ತರ ಕೊಡುವ ಹುಡುಗಿ ಅವಳು. ಅವಳಾಗಿಯೇ ಒಂದು ಇಡೀ ಕನ್ನಡ ವಾಕ್ಯ ಹೇಳಿದ್ದು ಕೇಳಿ, ಗೈಡಮ್ಮನ ಬಗ್ಗೆ ಬರೆಯಲೇಬೇಕು ಅನ್ನಿಸಿತು.

ಗೈಡಮ್ಮ ಹೋದ ವರ್ಷ ವಸಂತದಲ್ಲಿ ಇಜುವಿನ ಬೆಟ್ಟದ ಬದಿಯ ಸಣ್ಣ ಊರಿಗೆ ಹೋದರು. ಚೆನ್ನಾಗಿದ್ದಾರೆ. ಫೋನು ಮಾಡಿದರೆ ಮೊದಲು ಅಲ್ಲಿನ ಹವಾಮಾನ, ಆಮೇಲೆ ಎಡಗಡೆ ಕಾಣುವ ಸಮುದ್ರ, ಆಮೇಲೆ ಬಲಗಡೆ ಕಾಣುವ ಕಿತ್ತಳೆ ತೋಟ ವಿವರಿಸಿ, ಕೊನೆಗೆ ನಮ್ಮ ಕ್ಷೇಮ ಕೇಳುತ್ತಾರೆ. ಒಬ್ಬರೇ ಹೋಗಲಿಲ್ಲ ಅವರು. ಹೇಳಬೇಕಾಗಿರುವುದು ಅದೇ.

ಗೈಡಮ್ಮ ಎನ್ನುವುದು ಅವರ ಹೆಸರಲ್ಲ. ನಾವು ಮನೆಯೊಳಗೆ ಇಟ್ಟುಕೊಂಡಿದ್ದು. ಸಿರಿ ಒಂದು ದಿನ ಅವರೆದುರಿಗೇ ಕೂಗಿಬಿಟ್ಟಳು. "ಗೈಡ್ ಗೊತ್ತಾಯಿತು. ಅಮ್ಮ ಅಂದರೆ ಏನು?" ಎಂದು ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಕಂಪನಿಯಲ್ಲಿ ನನಗೆ ಯಾರೂ ಇಷ್ಟು ದೊಡ್ಡ ಪ್ರಮೋಷನ್ ಕೊಟ್ಟಿರಲಿಲ್ಲ" ಎಂದರು.

ಅವರು ಟೂರಿಸ್ಟ್ ಬಸ್ಸಿನಲ್ಲಿ ಗೈಡ್ ಆಗಿದ್ದವರು. ತಲೆಗೆ ಟೋಪಿ, ಕೈಗೆ ಬಿಳಿ ಗ್ಲೌಸು, ಒಂದು ಕೈಯಲ್ಲಿ ಮೈಕು. ಮುಂದೆ ಹೋಗುವ ಬಸ್ಸಿನಲ್ಲಿ ಹಿಂದೆ ಮುಖ ಮಾಡಿ ನಿಂತು, ಬೆಟ್ಟ ಬಂತು, ಹೊಳೆ ಬಂತು, ಈಗ ಒಂದು ಹಾಡು ಕೇಳಿ ಎಂದು ಪ್ರವಾಸಿಗಳನ್ನು ಊರೂರು ಸುತ್ತಿಸುವ ಕೆಲಸ. ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಕೆಲಸ ಅವರನ್ನು ಬಿಟ್ಟಿರಲಿಲ್ಲ. ಸಿಟಿ ಬಸ್ಸು ಹತ್ತಿದರೂ ಸೀಟು ಖಾಲಿಯಿದ್ದರೂ ಮುಂದೆ ಹೋಗಿ, ಕಂಬ ಹಿಡಿದು, ಪ್ರಯಾಣಿಕರ ಕಡೆಗೆ ಮುಖ ಮಾಡಿ ನಿಂತುಬಿಡುತ್ತಿದ್ದರು. ಮೊಬೈಲಿನಲ್ಲಿ ಮುಳುಗಿದ್ದವರು ತಲೆಯೆತ್ತಿ, ಈ ವಯಸ್ಸಾದ ಹೆಂಗಸು ತಮ್ಮನ್ನೇ ನೋಡಿ ಮುಗುಳ್ನಗುತ್ತಿರುವುದನ್ನು ಕಂಡು, ಏನು ತಪ್ಪಾಯಿತೋ ಎಂದು ಕಾಲು ಜೋಡಿಸಿ ಕೂರುತ್ತಿದ್ದರು. ಯಾವುದನ್ನು ತೋರಿಸುವಾಗಲೂ ಬೆರಳು ಚಾಚುತ್ತಿರಲಿಲ್ಲ. ಅಂಗೈ ಮೇಲೆ ಮಾಡಿ, ತಟ್ಟೆಯಲ್ಲಿ ಏನೋ ಇಟ್ಟು ಕೊಡುವವರ ಹಾಗೆ ತೋರಿಸುತ್ತಿದ್ದರು. ಕೊಂಬಿನಿಯ, ಅಂದರೆ ಹಗಲೂ ರಾತ್ರಿ ತೆರೆದಿರುವ ಸಣ್ಣ ದಿನಸಿ ಅಂಗಡಿಯ, ಬಾಗಿಲಿನಲ್ಲಿ ನಿಂತು "ನಿಮ್ಮ ಬಲಕ್ಕೆ ಮೊಸರು" ಎಂದು ಅವರು ಅಂಗೈ ಚಾಚಿದರೆ, ಆ ಮೊಸರಿಗೆ ಇತಿಹಾಸವಿದೆ ಅನ್ನಿಸುತ್ತಿತ್ತು.

ಮೊದಲು ಅವರನ್ನು ಕಂಡಿದ್ದು ನಾವು ಈ ಮನೆಗೆ ಬಂದ ದಿನ. ಅದಕ್ಕೆ ಮೊದಲು ಕೋಟೋ ಎಂಬ ಕಡೆ ಎತ್ತರದ ಕಟ್ಟಡದಲ್ಲಿದ್ದೆವು. ಸಿರಿ ಓಡಾಡಿದರೆ ಕೆಳಗಿನ ಮನೆಯವರು ಬಂದು ಬಹಳ ಮರ್ಯಾದೆಯಿಂದ ಬೇಸರ ಮಾಡಿಕೊಳ್ಳುತ್ತಿದ್ದರು. ಕೊನೆಗೆ ಉರಯಾಸುವಿನ ಹಳೆಯ ಭಾಗದಲ್ಲಿ, ಮನೆಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿರುವ ಈ ಓಣಿಯಲ್ಲಿ ಬಾಡಿಗೆಗೆ ಮನೆ ಹಿಡಿದೆವು. ಸಾಮಾನಿನ ಲಾರಿ ಹಿಮ್ಮುಖವಾಗಿ ಒಳಗೆ ಬರಬೇಕಿತ್ತು. ಎದುರು ಮನೆಯಿಂದ ತೆಳ್ಳಗಿನ, ಬೆನ್ನು ನೆಟ್ಟಗಿನ, ಏಪ್ರನ್ ತೊಟ್ಟ ಹೆಂಗಸೊಬ್ಬರು ಹೊರಬಂದರು. ಕತ್ತಿನಲ್ಲಿ ಸೀಟಿ. ಪೀ ಪಿ, ಪೀ ಪಿ ಎಂದು ಊದುತ್ತಾ, ನಡುವೆ ಬಾಯಿ ಬಿಡುವಾದಾಗ "ಓರೈ, ಓರೈ" ಎನ್ನುತ್ತಾ ಲಾರಿಯನ್ನು ಹಿಂದಕ್ಕೆ ಕರೆಯತೊಡಗಿದರು. ಆಲ್ ರೈಟ್ ಜಪಾನಿಗೆ ಬಂದು ಓರೈ ಆಗಿದೆ. ಇದನ್ನು ಕೇಳಿದ್ದೇ ನನ್ನ ಗಂಡ ಪ್ರಸನ್ನನ ಒಳಗಿದ್ದ ಬೆಂಗಳೂರಿನ ಸಿಟಿ ಬಸ್ಸಿನ ಹುಡುಗ ಎದ್ದುಬಿಟ್ಟ. ಲಾರಿಯ ಪಕ್ಕೆಗೆ ತಟ್ಟುತ್ತಾ "ರೈಟ್, ರೈಟ್, ರೈಟ್" ಎಂದು ಶುರು ಮಾಡಿ, ಗೋಡೆ ಹತ್ತಿರವಾದಾಗ "ಹೋಲ್ಡಾನ್" ಎಂದು ಕೂಗಿದ. ಲಾರಿ ಗಕ್ಕನೆ ನಿಂತಿತು.

ಗೈಡಮ್ಮ ಬಂದು ಅವನಿಗೆ ಬಾಗಿ ನಮಸ್ಕರಿಸಿ, "ನೀವು ಯಾವ ಬಸ್ ಕಂಪನಿ?" ಎಂದು ಕೇಳಿದರು. ಸಾಫ್ಟ್‌ವೇರ್ ಎಂದ. ಅವರ ಮುಖದಲ್ಲಿ ಮೂಡಿದ ಮರುಕವನ್ನು ನಾನು ಮರೆತಿಲ್ಲ.

ಅಂದಿನಿಂದ ನಮ್ಮ ಮನೆಗೂ ಅವರ ಮನೆಗೂ ನಡುವೆ ಚಿತ್ರಾನ್ನ, ಉಪ್ಪಿನಕಾಯಿಗಳ ಸಂಚಾರ ಶುರುವಾಯಿತು. ಬೆಂಗಳೂರಿನ ಕಂಡಕ್ಟರುಗಳು ಏನೇನು ಹೇಳುತ್ತಾರೆ ಎಂದು ಕೇಳಿ ಕೇಳಿ ಕಲಿತರು. "ಒಳಗ್ ಹೋಗಿ, ಒಳಗ್ ಹೋಗಿ" ಎನ್ನುವುದು ಬಹಳ ಹಿಡಿಸಿ, ಬೆಕ್ಕಿಗೆ, ಸಿರಿಗೆ, ಒಣಗಲು ಹಾಕಿದ ಬಟ್ಟೆಯನ್ನು ಮಳೆ ಬಂದಾಗ ತೆಗೆಯುವಾಗ ಆ ಬಟ್ಟೆಗಳಿಗೂ ಅದನ್ನೇ ಹೇಳುತ್ತಿದ್ದರು.

ಒಂದು ಸೆಪ್ಟೆಂಬರ್ ಮಧ್ಯಾಹ್ನ ನಮ್ಮನ್ನು ಟೀಗೆ ಕರೆದರು. ಅವರ ಮನೆಯಲ್ಲಿ ಕೂರಲು ಒಂದೇ ಒಂದು ಕುರ್ಚಿ ಕಾಣಲಿಲ್ಲ. ನಾವು ಕಂಡ ಎಲ್ಲ ಕೋಣೆಗಳಲ್ಲೂ ತತಾಮಿ, ಅಂದರೆ ಹುಲ್ಲು ನೆಯ್ದ ಮೆತ್ತನೆಯ ಚಾಪೆಯ ನೆಲ. ಅದರ ಮೇಲೆ ಕುರ್ಚಿ ಇಟ್ಟರೆ ತೂತು ಬೀಳುತ್ತದೆ. ದಿಂಬಿನ ಮೇಲೆ ಮಂಡಿ ಮಡಚಿ ಕೂರಬೇಕು. ನಾನೂ ಸಿರಿಯೂ ಕೂತೆವು. ಪ್ರಸನ್ನನೂ ಮರ್ಯಾದೆಗೆ ಕೂತ. ಅವರು ಟೀ ಸುರಿದು, ಯಾವುದೋ ಸರೋವರದ ಕಥೆ ಹೇಳುತ್ತಿದ್ದರು. ಕಥೆ ಮುಗಿಯುವ ಹೊತ್ತಿಗೆ ಪ್ರಸನ್ನನ ಕಾಲುಗಳು ಅವನ ಜೊತೆ ಸಂಬಂಧ ಕಡಿದುಕೊಂಡಿದ್ದವು. ಏಳಲು ಹೋದ. ಎದ್ದ ಅಂದುಕೊಂಡ. ಓಲಾಡಿ ಪಕ್ಕದ ಜಾರುಬಾಗಿಲಿಗೆ ಕೈ ಊರಿದ. ಅದು ಕಾಗದದ ಬಾಗಿಲು. ಅವನ ತೋರುಬೆರಳು ಕಾಗದ ತೂರಿಕೊಂಡು ಪಕ್ಕದ ಕೋಣೆಗೆ ಹೋಯಿತು.

ಸಿರಿ ಓಡಿ ಆ ಕೋಣೆಗೆ ಹೋಗಿ, "ಇಲ್ಲಿ ಅಪ್ಪನ ಬೆರಳಿದೆ" ಎಂದು ಜಪಾನೀಸಿನಲ್ಲಿ ವರದಿ ಮಾಡಿದಳು. ಗೈಡಮ್ಮ ನಕ್ಕ ನಗುವಿಗೆ ಕಣ್ಣಲ್ಲಿ ನೀರು ಬಂತು. ಏಪ್ರನ್ನಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದವರು ಇದ್ದಕ್ಕಿದ್ದಂತೆ ಪ್ರಸನ್ನನ ಕಡೆ ತಿರುಗಿದರು.

"ನಿಮಗೆ ನೆಲದ ಮೇಲೆ ಕೂರಲು ಆಗುವುದಿಲ್ಲವೇ?"

"ಇಲ್ಲ" ಎಂದ ಪ್ರಸನ್ನ. "ದಿನಾ ಚೇರ್ ಮೇಲೇ ಇರ್ತೀನಲ್ಲ. ಬೆನ್ನು, ಮಂಡಿ ಎರಡೂ ಹೋಗಿದೆ."

"ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?"

"ಹೇಗ್ ಹೇಳೋದು? ನಾಚಿಕೆ ಆಗತ್ತೆ."

"ನಾಚಿಕೆ" ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಬಹಳ ಉತ್ಸಾಹದಿಂದ ವಿಚಾರಣೆ ಶುರು ಮಾಡಿದರು. ಬೆನ್ನು ಎಲ್ಲಿ ನೋಯುತ್ತದೆ, ಎದ್ದೇಳುವಾಗ ಏನು ಹಿಡಿದುಕೊಳ್ಳುತ್ತೀರಿ, ಎಷ್ಟು ಎತ್ತರದ ಸೀಟಾದರೆ ಮಂಡಿಗೆ ಸುಖ. ಮನೆಗೆ ಬರುವಾಗ ಪ್ರಸನ್ನ ಕೇಳಿದ: "ನಂಗೆ ಬ್ಯಾಕ್ ಪೇನ್ ಅಂದ್ರೆ ಅವ್ರಿಗ್ಯಾಕೆ ಅಷ್ಟು ಖುಷಿ?"

ಮಾರನೆಯ ಬೆಳಿಗ್ಗೆ ನೋಡಿದರೆ ಗೈಡಮ್ಮ ತಮ್ಮ ಸನ್‌ರೂಮಿನ ಸಾಮಾನನ್ನೆಲ್ಲ ಹೊರಗೆ ಹಾಕುತ್ತಿದ್ದರು. ಮನೆಯ ದಕ್ಷಿಣಕ್ಕೆ, ಅಂಗೈಯಗಲದ ತೋಟದ ಕಡೆಗೆ, ಮೂರು ಬದಿ ಗಾಜು ಹಾಕಿದ ಸಣ್ಣ ಬಿಸಿಲುಕೋಣೆ ಅದು. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಯಾವ ಕಾಲದಲ್ಲೋ ಕಟ್ಟಿಸಿದ್ದು. ಇಡೀ ಮನೆಯಲ್ಲಿ ಹಲಗೆಯ ನೆಲ ಇದ್ದದ್ದು ಅಲ್ಲಿ ಮಾತ್ರ. ಹೀಟರ್ ಇಲ್ಲ, ಏಸಿ ಇಲ್ಲ. ಆಗಸ್ಟಿನಲ್ಲಿ ಹಪ್ಪಳ ಒಣಗಿಸಬಹುದು, ಜನವರಿಯ ಬೆಳಿಗ್ಗೆ ಗಾಜಿನ ಒಳಮೈ ಬೆವರಿ ನೀರು ನೆಲಕ್ಕೆ ಹರಿಯುತ್ತದೆ.

"ಬನ್ನಿ, ಕೂತು ನೋಡಿ" ಎಂದರು. ಮೂಲೆಯಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಕುರ್ಚಿ ಇತ್ತು. ಬಟ್ಟೆಯ ಬುಟ್ಟಿ ಇಡಲು ಉಪಯೋಗಿಸುತ್ತಿದ್ದದ್ದು. ಕೂತೆ. ವರ್ಷಗಟ್ಟಲೆ ಬಿಸಿಲು ಕುಡಿದಿದ್ದ ಅದರ ಕಾಲುಗಳು ಚಕ್ಕುಲಿಯ ಹಾಗೆ ಪುಡಿಪುಡಿಯಾದವು. ನಾನು ನೆಲಕ್ಕೆ ಇಳಿದೆ, ಬಹಳ ನಿಧಾನವಾಗಿ, ಒಂದೊಂದೇ ಕಾಲಿನ ಒಪ್ಪಿಗೆ ಪಡೆದು. ಗೈಡಮ್ಮ ನೆಟ್ಟಗೆ ನಿಂತು ಅಂಗೈ ಚಾಚಿದರು. "ನಿಮ್ಮ ಎಡಕ್ಕೆ, ನಮ್ಮ ಊರಿನ ಹೊಸ ಅವಶೇಷಗಳು." ನನಗೆ ಏಳಲಾಗದಷ್ಟು ನಗು. ಅವರು ನನ್ನ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತು ಹೇಳಿದರು. "ನನಗೆ ಇಲ್ಲಿಗೆ ಎರಡು ಕುರ್ಚಿ ಬೇಕು. ಇಂಥ ಬಿಸಿಲಿಗೂ ಜಗ್ಗಬಾರದು, ಚಳಿಗೂ ಕೊರಗಬಾರದು. ಕೂತವರಿಗೆ ಏಳುವ ಮನಸ್ಸಾಗಬಾರದು. ಪ್ರಸನ್ನ ಸಾನ್ ಭಾನುವಾರ ಬಿಡುವಾಗಿರುತ್ತಾರೆಯೇ? ಅವರ ಅಳತೆ ಸರಿಯಾಗಿದೆ."

"ಯಾರ ಅಳತೆಗೆ ಸರಿಯಾಗಿದೆ?"

"ಒಬ್ಬರ ಅಳತೆಗೆ" ಎಂದು, ಪುಡಿ ಗುಡಿಸಲು ಎದ್ದರು.

ಆ ಶರತ್ಕಾಲದ ಭಾನುವಾರಗಳೆಲ್ಲ ಕುರ್ಚಿಗೆ ಹೋದವು. ಗೈಡಮ್ಮ ಅಂಗಡಿಗೆ ಬರುವಾಗ ಫ್ಲಾಸ್ಕು, ಹೆಣಿಗೆ, ಮತ್ತು ಫ್ರೀಜರಿನಿಂದ ತೆಗೆದ ಐಸ್ ಪ್ಯಾಕು ತರುತ್ತಿದ್ದರು. ಸೀಟಿನ ಯೋಗ್ಯತೆ ಕೂತ ತಕ್ಷಣ ಗೊತ್ತಾಗುವುದಿಲ್ಲ, ಪ್ರಯಾಣಿಕರು ಮೊದಲ ಕಿತ್ತಳೆ ಸುಲಿದು ಮುಗಿಸಿದ ಮೇಲೆ ಅತ್ತಿತ್ತ ಸರಿಯಲು ಶುರು ಮಾಡುತ್ತಾರಲ್ಲ, ಆಗ ಗೊತ್ತಾಗುತ್ತದೆ ಎನ್ನುವುದು ಅವರ ವಾದ. ಅದಕ್ಕೇ ಪ್ರಸನ್ನನನ್ನು ಒಂದು ಕುರ್ಚಿಯಲ್ಲಿ ಕೂರಿಸಿ, ಕೈಗೆ ಒಂದು ಕಿತ್ತಳೆ ಕೊಟ್ಟು, ತಾವು ಎದುರಿಗೆ ನಿಂತು ಹೆಣೆಯುತ್ತಾ ಗಮನಿಸುತ್ತಿದ್ದರು. ಕಬ್ಬಿಣದ ಚೌಕಟ್ಟಿನ ಕುರ್ಚಿಯಾದರೆ ಅದರ ತೋಳಿನ ಮೇಲೆ ಐಸ್ ಪ್ಯಾಕು ಸ್ವಲ್ಪ ಹೊತ್ತು ಇಟ್ಟು, ಆಮೇಲೆ ಅವನ ಮಣಿಕಟ್ಟನ್ನು ಅಲ್ಲಿ ಊರಿಸುತ್ತಿದ್ದರು. ಅವನು ಕೈ ಎಳೆದುಕೊಂಡರೆ, "ಜನವರಿ" ಎಂದು ಹೇಳಿ ಮುಂದಿನ ಕುರ್ಚಿಗೆ ನಡೆಯುತ್ತಿದ್ದರು. ಸಮುದ್ರ ಹತ್ತಿರ, ಉಪ್ಪುಗಾಳಿಗೆ ತುಕ್ಕು ಬೇರೆ.

ಬೆತ್ತದ ಕುರ್ಚಿ ನನಗೆ ಇಷ್ಟವಾಯಿತು. ಮೈಸೂರಿನ ನಮ್ಮ ಮನೆಯಲ್ಲಿ ಇತ್ತು. ಪ್ರಸನ್ನ ಕೂತ ಕೂಡಲೇ ಅದು ಕಿರ್ರೆಂದಿತು, ಅಲುಗಾಡಿದಾಗಲೆಲ್ಲ ಏನಾದರೊಂದು ಹೇಳಿತು. ಗೈಡಮ್ಮ ಬೇಡವೆಂದರು. "ಬರುವವರದು ಮಾತು ಕಡಿಮೆ. ಕುರ್ಚಿ ಅವರಿಗಿಂತ ಹೆಚ್ಚು ಮಾತಾಡಬಾರದು. ಚಳಿಗೆ ಒಣಗಿದರೆ ಇದು ಇನ್ನೂ ಹರಟುತ್ತದೆ." ಚರ್ಮದ್ದು ಬಿಸಿಲಿಗೆ ಸೀಳುತ್ತದೆ ಎಂದು ಬೇಡವಾಯಿತು. ಒತ್ತಿದ ಪುಡಿಹಲಗೆಯದು ನೆಲದ ನೀರು ಹೀರಿ ಊದಿಕೊಳ್ಳುತ್ತದೆ. ತೂಗುಕುರ್ಚಿಯನ್ನು ಅವರು ಮುಟ್ಟಲೂ ಇಲ್ಲ. "ಬ್ರೇಕ್ ಇಲ್ಲದ್ದರಲ್ಲಿ ಅವರು ಕೂರುವುದಿಲ್ಲ." ಒಂದು ಅಂಗಡಿಯಲ್ಲಿ ಗುಂಡಿ ಒತ್ತಿದರೆ ಮಲಗುವ ದೊಡ್ಡ ಕುರ್ಚಿಗೆ ಪ್ರಸನ್ನ ಮನಸೋತ. ಗುಂಡಿ ಒತ್ತಿದ, ಪೂರ್ತಿ ಮಲಗಿದ, ಆಮೇಲೆ ಅದು ಮೇಲೆ ಬರಲೊಪ್ಪಲಿಲ್ಲ. ಕಾಲು ಮೇಲೆ, ತಲೆ ಕೆಳಗೆ. ಗೈಡಮ್ಮ ಯೋಚಿಸದೆ ಸೀಟಿ ತೆಗೆದು ಊದಿದರು. ಪೀ ಪಿ, ಪೀ ಪಿ. ಇಡೀ ಶೋರೂಮಿನ ಸಿಬ್ಬಂದಿ ಓಡಿಬಂದು ಸಾಲಾಗಿ ನಿಂತು ಬಾಗಿ ಕ್ಷಮೆ ಕೇಳಿದರು. ಪ್ರಸನ್ನನೂ ಮಲಗಿದಲ್ಲಿಂದಲೇ ಆದಷ್ಟು ಬಾಗಿದ.

ವಿಷಯ ಹೊರಬಿದ್ದದ್ದು ಕೋಟೋದ ಒಂದು ದೊಡ್ಡ ಅಂಗಡಿಯಲ್ಲಿ. ಅಲ್ಲಿನ ಮಾರಾಟದ ಯುವಕ ಗೈಡಮ್ಮನ ಪ್ರಶ್ನೆಗಳಿಂದ ಸುಸ್ತಾಗಿ, ಬಹಳ ವಿನಯದಿಂದ ಹೇಳಿದ. "ಸನ್‌ರೂಮಿಗೆ ಒಂದು ಹೀಟರ್ ಹಾಕಿಸಿಬಿಟ್ಟರೆ ಯಾವ ಕುರ್ಚಿಯಾದರೂ ಆಗುತ್ತದೆಯಲ್ಲವೇ?"

"ಹೀಟರ್ ಹಾಕಿದರೆ ಅವರು ಬರುವುದಿಲ್ಲ" ಎಂದರು ಗೈಡಮ್ಮ. "ಬಿಸಿಗಾಳಿ ಬಂದರೆ ಡ್ರೈವರಿಗೆ ತೂಕಡಿಕೆ ಬರುತ್ತದೆ. ಹಿಮ ಬೀಳುತ್ತಿದ್ದರೂ ತಮ್ಮ ಪಕ್ಕದ ಕಿಟಕಿಯನ್ನು ಬೆರಳಗಲ ತೆಗೆದಿಟ್ಟೇ ಓಡಿಸುತ್ತಿದ್ದರು. ಈಗಲೂ ಹೀಟರ್ ಇರುವ ಕೋಣೆಯಲ್ಲಿ ಅವರಿಗೆ ಉಸಿರು ಕಟ್ಟುತ್ತದೆ."

ಯುವಕನಿಗೆ ಏನೂ ತಿಳಿಯಲಿಲ್ಲ. ನಾನು ಮತ್ತು ಪ್ರಸನ್ನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗೈಡಮ್ಮನ ಕಿವಿ ಕೆಂಪಾಗಿತ್ತು.

ಅಂಗಡಿಯ ಮೇಲಿನ ಕೆಫೆಯಲ್ಲಿ ಎಲ್ಲ ಹೇಳಿದರು. ನಾವು ಕೂತೆವು, ಅವರು ಟೇಬಲ್ಲಿಗೆ ಒರಗಿ ನಿಂತಿದ್ದರು. ಅವರು ಗೈಡ್ ಆಗಿದ್ದ ಬಸ್ಸನ್ನು ಬಹುಪಾಲು ಓಡಿಸಿದ್ದು ಒಬ್ಬರೇ ಡ್ರೈವರ್. ಇಬ್ಬರೂ ಸೇರಿ ನೋಡದ ಊರಿಲ್ಲ. ಆ ಕಾಲದಲ್ಲಿ ಆತನಿಗೆ ಸಂಸಾರವಿತ್ತು, ಇವರಿಗೆ ಪ್ರವಾಸವಿತ್ತು, ಬೇರೆ ಏನೂ ಇರಲಿಲ್ಲ. ಆತನ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಒಂದು ದಿನ ಕಡಲೆಕಾಯಿಯ ಚೀಲ ಹಿಡಿದು ಗೇಟಿನ ಹತ್ತಿರ ಬಂದು ನಿಂತಿದ್ದರು. ಚಿಬಾದ ಕಡಲೆಕಾಯಿ ಪ್ರಸಿದ್ಧ, ಆತನ ಊರಿನದು. ಅಂದಿನಿಂದ ತಿಂಗಳಿಗೊಮ್ಮೆ ಬರುತ್ತಾರೆ. ಗೇಟಿನಲ್ಲೇ ನಿಲ್ಲುತ್ತಾರೆ. ಚೀಲ ಕೊಡುತ್ತಾರೆ. ಹೋಗುತ್ತಾರೆ.

"ಅಯ್ಯೋ, ಅವ್ರಾ?" ಎಂದ ಪ್ರಸನ್ನ. "ನಾನು ಇನ್ಶೂರೆನ್ಸ್ ಏಜೆಂಟ್ ಅನ್ಕೊಂಡಿದ್ದೆ."

"ಒಳಗೆ ಬನ್ನಿ ಎಂದರೆ, 'ಗಾಡಿ ನಿಲ್ಲಿಸಿ ಬಂದಿದ್ದೇನೆ' ಎನ್ನುತ್ತಾರೆ" ಎಂದರು ಗೈಡಮ್ಮ. "ಅವರ ಹತ್ತಿರ ಈಗ ಗಾಡಿಯೇ ಇಲ್ಲ. ಬರುವುದು ರೈಲಿನಲ್ಲಿ. ಬರಲು ಇಷ್ಟವಿಲ್ಲದೆ ನೆಪ ಹೇಳುತ್ತಾರೆ ಎಂದುಕೊಂಡೆ. ಇಷ್ಟು ವರ್ಷ ಹಾಗೇ ಅಂದುಕೊಂಡೆ. ನಿಮ್ಮ ಯಜಮಾನರ ಬೆರಳು ಕಾಗದದಿಂದ ಹೊರಬಂತಲ್ಲ, ಆಗ ಹೊಳೆಯಿತು. ಜೀವನವಿಡೀ ಡ್ರೈವರ್ ಸೀಟಿನಲ್ಲಿ ಕೂತವರು. ಬೆನ್ನು, ಮಂಡಿ ಹೇಗಿರಬೇಡ. ನನ್ನ ಮನೆಯಲ್ಲಿ ಅವರು ಕೂರುವುದಕ್ಕೆ ಒಂದು ಜಾಗವಿಲ್ಲ. ಅದನ್ನು ಹೇಳಲು ನಾಚಿಕೆ."

ಪ್ರಸನ್ನ ಕಾಫಿಯ ಕಪ್ಪು ಕೆಳಗಿಟ್ಟು, "ಸರಿ, ಆ ಕಡೆ ಸೆಕ್ಷನ್ ಇನ್ನೂ ನೋಡಿಲ್ಲ, ಬನ್ನಿ" ಎಂದು ಎದ್ದ. ಅಲ್ಲಿಂದ ಅವನು ಬೇರೆಯೇ ಮನುಷ್ಯ. ಕೂತು ಕಣ್ಣು ಮುಚ್ಚಿ, ಸೊಂಟದ ಮಾತನ್ನು ಕೇಳಿಸಿಕೊಳ್ಳುತ್ತಿದ್ದ. ಆಫೀಸಿನಲ್ಲಿ ಯಾರೋ ಕೇಳಿದ್ದಕ್ಕೆ, ವೀಕೆಂಡಿನಲ್ಲಿ ಯೂಸರ್ ಟೆಸ್ಟಿಂಗ್ ಮಾಡುತ್ತಿದ್ದೇನೆ ಎಂದನಂತೆ.

ಕೊನೆಗೆ ಕುರ್ಚಿ ಸಿಕ್ಕಿದ್ದು ಹೊಸ ಅಂಗಡಿಯಲ್ಲಲ್ಲ. ನಮ್ಮ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಹಳೆಯ ಸಾಮಾನು ಮಾರುವ ಒಂದು ಗೋದಾಮು ಇದೆ. ಬಿಸಿನೀರಿನ ಬುಗ್ಗೆಯ ಊರಿನಲ್ಲಿ ಮುಚ್ಚಿಹೋದ ಯಾವುದೋ ಛತ್ರದ ಸಾಮಾನು ಬಂದಿತ್ತು. ಅಂಥ ಛತ್ರಗಳ ಕೋಣೆಗಳಲ್ಲಿ ತತಾಮಿಯ ಆಚೆ, ಕಿಟಕಿಯ ಗಾಜಿಗೆ ಅಂಟಿದಂತೆ ಹಲಗೆಯ ನೆಲದ ಒಂದು ಪಟ್ಟಿ ಇರುತ್ತದೆ. ಅಲ್ಲಿ ಎದುರುಬದುರಾಗಿ ಎರಡು ಕುರ್ಚಿ. ಅತಿಥಿಗಳು ಸ್ನಾನ ಮುಗಿಸಿ ಬಂದು ಅಲ್ಲಿ ಕೂತು ಹೊಳೆ ನೋಡುತ್ತಾರೆ. ಗೋದಾಮಿನ ಬಾಗಿಲಲ್ಲಿ ಆ ಜೋಡಿ ಕಂಡದ್ದೇ ಗೈಡಮ್ಮ ನಿಂತುಬಿಟ್ಟರು.

"ನಮ್ಮ ಪ್ರವಾಸಿಗಳನ್ನು ಎಷ್ಟು ಸಲ ಇಂಥ ಕುರ್ಚಿಗಳ ತನಕ ಬಿಟ್ಟು ಬಂದಿದ್ದೇನೆ" ಎಂದರು. "ನಮಗೆ ಮಲಗಲು ಹಿಂದುಗಡೆ ಕೋಣೆ ಕೊಡುತ್ತಿದ್ದರು. ಅಲ್ಲಿ ಕಿಟಕಿ ಇರುತ್ತಿರಲಿಲ್ಲ."

ಓಕ್ ಮರದ ಗಟ್ಟಿ ಕುರ್ಚಿಗಳು. ಮೊಳೆ ಇಲ್ಲ, ಮರಕ್ಕೆ ಮರ ಕಚ್ಚಿಸಿ ಮಾಡಿದ ಕೀಲು. ಅಗಲವಾದ ತೋಳು, ಎದ್ದೇಳುವಾಗ ಅಂಗೈ ಪೂರ್ತಿ ಊರಬಹುದು. ಬೆನ್ನು ಎತ್ತರ, ಗಾಜಿನ ಕಡೆಯ ಚಳಿ ಕತ್ತಿಗೆ ತಾಗುವುದಿಲ್ಲ. ಕಾಲುಗಳ ತುದಿ ನೀರು ಕಂಡು ಕಪ್ಪಾಗಿತ್ತು, ಕೊಳೆತಿರಲಿಲ್ಲ. ಪ್ರಸನ್ನ ಬಗ್ಗಿ ನೋಡಿ, "ಗಾಜಿನ ಪಕ್ಕ, ಬಿಸಿಲಲ್ಲಿ, ಚಳೀಲಿ, ಸ್ಟೀಮಲ್ಲಿ ಅಷ್ಟು ವರ್ಷ ಇದ್ದು ಬಂದಿದೆ. ಇದಕ್ಕಿಂತ ಟೆಸ್ಟಿಂಗ್ ಇನ್ನೇನ್ ಮಾಡೋದು?" ಎಂದ. ಕಿತ್ತಳೆ ಕೊಟ್ಟೆವು. ಒಂದನ್ನು ಮುಗಿಸಿ ಇನ್ನೊಂದು ಕೇಳಿದ. ಸರಿಯಲಿಲ್ಲ, ಅಲುಗಲಿಲ್ಲ. ಕಿತ್ತಳೆ ಮುಗಿದ ಮೇಲೆ ನೋಡಿದರೆ ನಿದ್ದೆ ಹೋಗಿದ್ದ.

ಮೆತ್ತೆ ಮಾತ್ರ ಹಾಳಾಗಿತ್ತು. ಹೊಸದು ಹೊಲಿಸಲು ಗೈಡಮ್ಮ ಹುಡುಕಿ ತಂದದ್ದು ಬಸ್ಸಿನ ಸೀಟಿಗೆ ಹಾಕುವ ದಪ್ಪ ಉಣ್ಣೆಯ ಬಟ್ಟೆ, ನೀಲಿಯ ಮೇಲೆ ಕೆಂಪು ಚೌಕ. ಕಿಟಕಿಯ ಬಿಸಿಲನ್ನೂ ಮನುಷ್ಯರನ್ನೂ ಅದರಷ್ಟು ಸಹಿಸಿಕೊಳ್ಳುವ ಬಟ್ಟೆ ಲೋಕದಲ್ಲಿಲ್ಲ ಎಂದು ಅವರ ನಂಬಿಕೆ. ಕುರ್ಚಿಗಳನ್ನು ನಾನೂ ಪ್ರಸನ್ನನೂ ಎತ್ತಿ ಓಣಿಯೊಳಗೆ ತಂದೆವು. ಅವರು ಮುಂದೆ ಹಿಮ್ಮುಖವಾಗಿ ನಡೆಯುತ್ತಾ ಸೀಟಿ ಊದಿದರು. ಗೇಟಿನಲ್ಲಿ ಕುರ್ಚಿಯ ಕಾಲು ಸಿಕ್ಕಿಕೊಂಡಾಗ "ಹೋಲ್ಡಾನ್" ಎಂದು ಅವರೇ ಅಚ್ಚ ಬೆಂಗಳೂರಿನ ಧಾಟಿಯಲ್ಲಿ ಕೂಗಿದರು. ಅಕ್ಕಪಕ್ಕದ ಮನೆಯವರೆಲ್ಲ ಬಾಗಿಲಿಗೆ ಬಂದು ಬಹಳ ಗಂಭೀರವಾಗಿ ಚಪ್ಪಾಳೆ ತಟ್ಟಿದರು.

ಸನ್‌ರೂಮಿನಲ್ಲಿ ಅವನ್ನು ಎದುರುಬದುರು ಇಡಲು ಹೋದೆ. ಬೇಡವೆಂದರು. ಪಕ್ಕಪಕ್ಕದಲ್ಲಿ, ಎರಡೂ ತೋಟಕ್ಕೆ ಮುಖ ಮಾಡಿ.

ಜನವರಿಯ ಒಂದು ಬೆಳಿಗ್ಗೆ ಆ ಡ್ರೈವರ್ ಬರುತ್ತಾರೆಂದು ಗೊತ್ತಾಯಿತು. ಗೈಡಮ್ಮ ಹಿಂದಿನ ದಿನವೇ ಬಂದು, ನಾವು ಮೂವರೂ ಅಲ್ಲಿರಬೇಕು ಎಂದರು. "ಎದುರಿಗೆ ಪ್ರಯಾಣಿಕರಿಲ್ಲದಿದ್ದರೆ ನನಗೆ ಧ್ವನಿ ಹೊರಡುವುದಿಲ್ಲ." ಎದುರಿನ ಸೂರು ದಾಟಿ ಬಿಸಿಲು ಒಳಗೆ ಬೀಳುವ ಹೊತ್ತು ನೋಡಿ ಆತನನ್ನು ಕರೆದಿದ್ದರು. ನಾವು ಹೋದಾಗ ಗಾಜಿನ ನೀರನ್ನೆಲ್ಲ ಒರೆಸಿ, ಹಲಗೆ ಒಣಗಿಸಿ, ಕುರ್ಚಿಯ ತೋಳಿಗೆ ಎಣ್ಣೆ ಸವರಿದ್ದರು. ಕೈಗೆ ಬಿಳಿ ಗ್ಲೌಸು. ನಮ್ಮ ಬಾಯಿಂದ ಹೊಗೆ ಬರುತ್ತಿತ್ತು. ಮೊದಲ ಬಿಸಿಲು ಬಿದ್ದು ಸ್ವಲ್ಪ ಹೊತ್ತಿಗೆ ನಾನು ಕೋಟು ತೆಗೆದೆ, ಪ್ರಸನ್ನ ಮಫ್ಲರ್ ತೆಗೆದ. ಗೈಡಮ್ಮ ಮಾತ್ರ ಗ್ಲೌಸಿನ ಬೆರಳುಗಳನ್ನು ಮತ್ತೆ ಮತ್ತೆ ಎಳೆದು ಸರಿಮಾಡಿಕೊಳ್ಳುತ್ತಿದ್ದರು.

ಆತ ಬಂದರು. ಎತ್ತರದ ಆಳು, ಅಗಲ ಭುಜ, ಕೈಯಲ್ಲಿ ಕಡಲೆಕಾಯಿಯ ಚೀಲ. ಗೇಟಿನಲ್ಲೇ ನಿಂತು ಚೀಲ ಚಾಚಿದರು. ಗೈಡಮ್ಮ ತೆಗೆದುಕೊಳ್ಳಲಿಲ್ಲ. ತೋಟದ ಕಡೆಯಿಂದ ಸನ್‌ರೂಮಿನ ಬಾಗಿಲು ತೆಗೆದು, ಅಂಗೈ ಮೇಲೆ ಮಾಡಿ, ಟೂರಿನ ಧ್ವನಿಯಲ್ಲಿ ಹೇಳಿದರು. "ಈ ಕಡೆಯಿಂದ ದಯಮಾಡಿ ಬರಬೇಕು. ಮಂಡಿ ಮಡಚುವ ಅಗತ್ಯವಿಲ್ಲ. ಹೀಟರ್ ಇಲ್ಲ."

ಆತ ಚೀಲ ಹಿಡಿದ ಕೈಯನ್ನು ಕೆಳಗಿಳಿಸಿದರು. ಕುರ್ಚಿಗಳನ್ನು ನೋಡಿದರು. ಗೈಡಮ್ಮನನ್ನು ನೋಡಿದರು. ನಮ್ಮನ್ನೂ ನೋಡಿದರು, ಪ್ರಯಾಣಿಕರ ಹಾಗೆ ಸಾಲಾಗಿ ನಿಂತಿದ್ದೆವು. ಈಗ ಗಾಡಿಯ ಮಾತು ಹೇಳುತ್ತಾರೆ ಅಂದುಕೊಂಡೆ. ಆತ ಮೆಟ್ಟಿಲ ಬಳಿ ಶೂ ಬಿಚ್ಚಿದರು. ಒಳಗೆ ಬಂದರು. ಕುರ್ಚಿಯ ತೋಳು ಹಿಡಿದು ನಿಧಾನಕ್ಕೆ ಕೂತರು.

ಪ್ರಸನ್ನ ನನ್ನ ಕೈ ಹಿಡಿದ. ಆತ ಒಮ್ಮೆ ಬೆನ್ನು ಹಿಂದಕ್ಕೆ ಒರಗಿಸಿ, ಮಂಡಿಗಳನ್ನು ನೋಡಿಕೊಂಡರು. ಅವು ಸರಿಯಾಗಿ ಬಾಗಿದ್ದವು. ಅಂಗೈಯಿಂದ ಬಸ್ ಸೀಟಿನ ಬಟ್ಟೆಯನ್ನು ಸವರಿದರು. ಆತನ ಮುಖವೆಲ್ಲ ಬಿಸಿಲು.

ಗೈಡಮ್ಮ ಎದುರಿಗೆ ನಿಂತೇ ಇದ್ದರು, ತೋಟಕ್ಕೆ ಬೆನ್ನು ಮಾಡಿ.

"ನೀವೂ ಕೂತುಕೊಳ್ಳಿ" ಎಂದರು ಆತ. ನಾವು ಕೇಳಿದ ಅವರ ಮೊದಲ ಮಾತು.

"ಗೈಡ್ ಕೂರುವುದಿಲ್ಲ."

ಆತ ಸ್ವಲ್ಪ ಯೋಚಿಸಿದರು. "ಗಾಡಿ ನಿಂತಿದೆ" ಎಂದರು.

ಗೈಡಮ್ಮ ಗ್ಲೌಸು ಬಿಚ್ಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡರು. ತಿರುಗಿದರು. ಪಕ್ಕದ ಕುರ್ಚಿಯಲ್ಲಿ ಕೂತರು. ಕೂತು ನೋಡಿದರೆ ಎದುರಿಗೆ ಜನವಿಲ್ಲ, ತೋಟ ಮಾತ್ರ. ಇಷ್ಟು ದಿನ ಬೆನ್ನ ಹಿಂದೆ ಇದ್ದದ್ದನ್ನೇ ವಿವರಿಸಿದವರಿಗೆ ಕಣ್ಣೆದುರು ಇರುವುದನ್ನು ಏನೆಂದು ಹೇಳಬೇಕೋ ತೋಚಲಿಲ್ಲ. ಅಂಗೈ ಅರ್ಧ ಚಾಚಿ ಹಾಗೇ ಕೂತಿದ್ದರು. ಸಿರಿ ಗಾಬರಿಯಾಗಿ, ಗೈಡಮ್ಮನಿಗೆ ತಿಳಿಯದಂತೆ ಇಂಗ್ಲಿಷಿನಲ್ಲಿ, "ಅಮ್ಮಾ, ಈಸ್ ಶೀ ಓಕೆ?" ಎಂದು ಪಿಸುಗುಟ್ಟಿದಳು. ಅದು ಕೇಳಿ ಗೈಡಮ್ಮನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಭುಜ ಕುಲುಕಿಸಿ ನಗತೊಡಗಿದರು. ಆತ ಅವರನ್ನು ಓರೆಗಣ್ಣಿನಿಂದ ನೋಡಿ ತಾವೂ ನಗತೊಡಗಿದರು, ಸದ್ದಿಲ್ಲದೆ, ಇಡೀ ಮೈ ಅಲುಗಿಸಿ. ಕುರ್ಚಿ ಕಿರ್ರೆನ್ನಲಿಲ್ಲ. ಆಮೇಲೆ ಪ್ರಸನ್ನ, ನಾನು, ಸಿರಿ. ಯಾಕೆ ನಗುತ್ತಿದ್ದೇವೆ ಎಂದು ಐವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರಿಗೆ ಶುರುವಾಗುತ್ತಿತ್ತು. ನಮ್ಮ ಉಸಿರಿಗೆ ಗಾಜೆಲ್ಲ ಮತ್ತೆ ಮಂಜಾಯಿತು.

ಕೊನೆಗೆ ಎಲ್ಲ ತಣ್ಣಗಾದಾಗ, ಆತ ಕಡಲೆಕಾಯಿ ಬಿಡಿಸಿ ಒಂದಿಷ್ಟನ್ನು ಗೈಡಮ್ಮನ ಕುರ್ಚಿಯ ತೋಳಿನ ಮೇಲೆ ಇಟ್ಟರು. ಇನ್ನೊಂದು ಕೈ ಆ ಬಟ್ಟೆಯನ್ನೇ ಸವರುತ್ತಿತ್ತು. ಬಹಳ ಹೊತ್ತಿನ ಮೇಲೆ, ತೋಟವನ್ನು ನೋಡುತ್ತಲೇ ಹೇಳಿದರು.

"ಈ ಉಣ್ಣೆ ಬೇಸಿಗೆಯಲ್ಲಿ ಚುಚ್ಚುತ್ತದೆ."

"ಗೊತ್ತು" ಎಂದರು ಗೈಡಮ್ಮ. "ಹತ್ತಿಯದು ಹೊಲಿಸಿಟ್ಟಿದ್ದೇನೆ. ಎರಡಕ್ಕೂ."